ನುಂಗ್ವಿಯ ಮೀನುಗಾರರ ಊರಿಗೆ ಹೋಗುವವರಿಗೆ

ನುಂಗ್ವಿಯಲ್ಲಿ ಮೀನಿನ ಹರಾಜು ಎಷ್ಟು ಹೊತ್ತಿಗೆ ಎಂದು ಕೇಳಿದ್ದಕ್ಕೆ, ನಾವು ಉಳಿದುಕೊಂಡಿದ್ದ ಜಾಗದ ಹುಡುಗ ‘ಸಾ ಮೋಜ’ ಎಂದ. ಮೊಬೈಲಿನಲ್ಲಿ ಹುಡುಕಿದರೆ ‘ಒಂದು ಗಂಟೆ’ ಎಂದು ಬಂತು. ಅಕ್ಕನೂ ನಾನೂ ಸುಡುಬಿಸಿಲಿನಲ್ಲಿ ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಹೋಗಿ ನಿಂತೆವು. ದಡದಲ್ಲಿ ಖಾಲಿ ಬುಟ್ಟಿಗಳಿದ್ದವು, ದೋಣಿಯ ನೆರಳಲ್ಲಿ ಬೆಕ್ಕುಗಳು ಮಲಗಿದ್ದವು. ಹರಾಜು ಮುಗಿದು ಎಷ್ಟೋ ಹೊತ್ತಾಗಿತ್ತು. ಅಲ್ಲಿನವರ ಮಾತಾದ ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಬೆಳಗಾದಲ್ಲಿಂದ. ನಮ್ಮ ಏಳು ಅವರಿಗೆ ಒಂದು, ನಮ್ಮ ಎಂಟು ಅವರಿಗೆ ಎರಡು. ಪಂಚಾಂಗದಲ್ಲಿ ಸೂರ್ಯೋದಯದಿಂದ ಗಳಿಗೆ ಎಣಿಸುವವರಿಗೆ ಇದು ಹೊಸತೇನೂ ಅಲ್ಲ, ಆದರೆ ಮೊದಲೇ ತಿಳಿದಿರಬೇಕು. ಯಾರು ಯಾವ ಹೊತ್ತು ಹೇಳಿದರೂ ‘ಬೆಳಗ್ಗೆಯೋ, ಮಧ್ಯಾಹ್ನವೋ’ ಎಂದು ಮತ್ತೊಮ್ಮೆ ಕೇಳಿ.

ಪೂರ್ವ ಆಫ್ರಿಕಾದ ಟಾಂಜಾನಿಯಾಕ್ಕೆ ಸೇರಿದ ಜಾಂಜಿಬಾರಿನ ಉಂಗುಜ ದ್ವೀಪದ ಉತ್ತರ ತುದಿಯಲ್ಲಿದೆ ನುಂಗ್ವಿ. ಬಿಳಿ ಮರಳಿನ ಈ ಕಡಲತೀರಕ್ಕೆ ಬರುವ ಹೆಚ್ಚಿನವರು ಈಜಿ, ಸೂರ್ಯಾಸ್ತ ನೋಡಿ, ಹೊರಟುಬಿಡುತ್ತಾರೆ. ಹೋಟೆಲುಗಳ ಸಾಲಿನ ಬೆನ್ನಿಗೇ ಊರಿದೆ. ಹೋಟೆಲುಗಳು ಬರುವ ಮೊದಲೂ ಇಲ್ಲಿ ಮೀನು ಹಿಡಿಯುತ್ತಿದ್ದರು, ದೋಣಿ ಕಟ್ಟುತ್ತಿದ್ದರು; ಈಗಲೂ ಅದನ್ನೇ ಮಾಡುತ್ತಿದ್ದಾರೆ. ನನ್ನ ಮಾತು ಕೇಳುವುದಾದರೆ ಎರಡು ಬೆಳಗನ್ನು ಊರಿಗೇ ಇಟ್ಟುಕೊಳ್ಳಿ, ಮಿಕ್ಕ ಹೊತ್ತು ಕಡಲಿಗೆ.

ಮರುದಿನ ಆರೂವರೆಗೇ ಹೋದೆವು. ರಾತ್ರಿಯೆಲ್ಲ ಕಡಲಲ್ಲಿದ್ದ ದೋಣಿಗಳು ಒಂದೊಂದಾಗಿ ದಡಕ್ಕೆ ಬರುತ್ತಿದ್ದವು. ಮೀನನ್ನು ತಂದು ಮರಳಿನ ಮೇಲೇ ಸುರಿಯುತ್ತಾರೆ, ಸುತ್ತ ಜನ ಕೂಡುತ್ತಾರೆ, ಕೂಗು ಶುರುವಾಗುತ್ತದೆ. ನಾವು ಕಣ್ಣು ತುಂಬ ನೋಡಿ ಮುಗಿಸುವಷ್ಟರಲ್ಲಿ ಒಂದು ರಾಶಿ ಕೈ ಬದಲಾಗಿರುತ್ತದೆ. ಅವರ ವ್ಯಾಪಾರಕ್ಕೆ ಅಡ್ಡ ಬರದಂತೆ ಹಿಂದೆ ನಿಲ್ಲಿ. ಇನ್ನೊಂದು ವಿಷಯ: ಬೆರಳುದ್ದದ ಸಣ್ಣ ಮೀನನ್ನು ಇಲ್ಲಿ ರಾತ್ರಿ ದೀಪ ಉರಿಸಿ ಬೆಳಕಿಗೆ ಸೆಳೆದು ಹಿಡಿಯುತ್ತಾರೆ. ಹುಣ್ಣಿಮೆಯ ಆಸುಪಾಸಿನಲ್ಲಿ ಕಡಲೆಲ್ಲ ಬೆಳದಿಂಗಳಾದಾಗ ಆ ದೀಪಕ್ಕೆ ಬೆಲೆಯಿಲ್ಲ, ಆ ದೋಣಿಗಳು ಹೊರಡುವುದೂ ಕಡಿಮೆ. ಆದ್ದರಿಂದ ಟಿಕೆಟ್ ಮಾಡುವಾಗಲೇ ಚಂದ್ರನನ್ನೂ ನೋಡಿಕೊಳ್ಳಿ. ಮಾರ್ಚ್ ನಡುವಿನಿಂದ ಮೇವರೆಗೆ ದೊಡ್ಡ ಮಳೆ, ಆಗ ಬೇಡ.

ಉಬ್ಬರ-ಇಳಿತದ ಪಟ್ಟಿ ಮೊಬೈಲಿನಲ್ಲಿರಲಿ. ನುಂಗ್ವಿಯ ಪಶ್ಚಿಮದ ದಡದಲ್ಲಿ ಇಳಿತದಲ್ಲೂ ಈಜಬಹುದು, ಅದಕ್ಕೇ ಪ್ರವಾಸಿಗರೆಲ್ಲ ಆ ಕಡೆ. ಪೂರ್ವದ ಬದಿಗೆ ನಡೆದರೆ ಇಳಿತದ ಹೊತ್ತಿಗೆ ನೀರು ದೂರಕ್ಕೆ ಸರಿದು ಹವಳದ ಬಂಡೆಯ ಬಯಲು ತೆರೆದುಕೊಳ್ಳುತ್ತದೆ. ಹೆಂಗಸರು ಕೋಲು ಹಿಡಿದು ಅಲ್ಲಿ ಆಕ್ಟೋಪಸ್, ಚಿಪ್ಪು ಹುಡುಕುತ್ತಾರೆ. ನೀವೂ ಇಳಿಯುವುದಾದರೆ ಗಟ್ಟಿ ಅಟ್ಟೆಯ ಚಪ್ಪಲಿ ಬೇಕು. ಕಡಲ ಮುಳ್ಳುಚೆಂಡುಗಳು ಕಾಲಿಗೆ ಚುಚ್ಚಿದರೆ ಪ್ರವಾಸವೇ ಕೆಡುತ್ತದೆ. ನೀರು ಮರಳುವ ವೇಳೆಗೆ ಮುಂಚೆ ದಡ ಸೇರಿ. ನಕ್ಷತ್ರಮೀನನ್ನು ಫೋಟೊಗೆಂದು ನೀರಿನಿಂದ ಎತ್ತಬೇಡಿ, ಅದಕ್ಕೆ ಅದು ಪ್ರಾಣಸಂಕಟ.

ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ದೋಣಿ ಕಟ್ಟುವಲ್ಲಿ. ದಡದ ಮೇಲೇ, ತೆಂಗಿನ ನೆರಳಲ್ಲಿ, ಧೌ ಎಂಬ ಹಾಯಿದೋಣಿಗಳು ನಿಧಾನವಾಗಿ ಎದ್ದು ನಿಲ್ಲುತ್ತಿರುತ್ತವೆ. ನಕ್ಷೆ ಇಲ್ಲ, ಎಲ್ಲವೂ ಕಣ್ಣಳತೆ. ಪಕ್ಕೆಲುಬಿಗೆ ಬೇಕಾದ ಬಾಗನ್ನು ಮರದಲ್ಲೇ ಹುಡುಕುತ್ತಾರೆ: ಹುಟ್ಟಿನಿಂದಲೇ ಡೊಂಕಾಗಿ ಬೆಳೆದ ಕೊಂಬೆಯನ್ನು ಆರಿಸಿ ತಂದು ಬಾಚಿಯಿಂದ ಕೆತ್ತುತ್ತಾರೆ. ಹಲಗೆಗಳ ಸಂದಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ಉಳಿಯಿಂದ ತುರುಕುವ ಕೆಲಸವನ್ನು ಒಬ್ಬ ಹಿರಿಯರು ಮಾಡುತ್ತಿದ್ದರು. ಉಳಿ, ಸುತ್ತಿಗೆ, ಒಂದು ಗೇಣು ಮುಂದೆ, ಮತ್ತೆ ಉಳಿ, ಸುತ್ತಿಗೆ. ಒಂದು ಸಂದಿಯಲ್ಲಿ ತಪ್ಪಿದರೂ ಕಡಲು ಒಳಗೆ ಬರುತ್ತದೆ. ಪಕ್ಕದಲ್ಲೇ ನ್ಗಲಾವ ಎಂಬ ಸಣ್ಣ ದೋಣಿ ಇತ್ತು, ಮಾವಿನ ಮರದ ದಿಮ್ಮಿ ಕೊರೆದದ್ದು. ಮಗುಚದಂತೆ ಅದರ ಎರಡೂ ಬದಿಗೆ ತೋಳು ಚಾಚಿದ ಹಾಗೆ ಮರ ಕಟ್ಟಿರುತ್ತಾರೆ.

ಅಕ್ಕ ಕ್ಯಾಮೆರಾ ತೆಗೆದಾಗ ಆ ಹಿರಿಯರು ಮುಖ ತಿರುಗಿಸಿದರು. “ಮೊದಲು ಮಾತಾಡಿಸೋಣ ಕಣೋ” ಎಂದು ಅವಳೇ ಕ್ಯಾಮೆರಾ ಒಳಗಿಟ್ಟಳು. ಇಲ್ಲಿ ಹಿರಿಯರಿಗೆ ‘ಶಿಕಾಮೊ’ ಎನ್ನಬೇಕು, ಅದು ನಮಸ್ಕಾರಕ್ಕಿಂತ ಒಂದು ತೂಕ ಹೆಚ್ಚು ಗೌರವದ ಮಾತು. ಅವಳು ಹಾಗೆಂದಳು. ಅವರು ‘ಮರಹಾಬ’ ಎಂದು ಉತ್ತರಿಸಿ, ಕೂರಲು ಒಂದು ಹಲಗೆ ಸರಿಸಿಕೊಟ್ಟರು. ಅರ್ಧ ಗಂಟೆಯ ಮೇಲೆ ಫೋಟೊ ಕೇಳಿದಾಗ ಒಪ್ಪಿದರು, ಮುಖದ್ದಲ್ಲ, ಕೈಗಳದ್ದು. ನಮ್ಮ ಬಳಿ ಇರುವ ಚಿತ್ರಗಳಲ್ಲಿ ಅದೇ ಒಳ್ಳೆಯದು.

ಇದು ಮುಸ್ಲಿಮರ ಊರು. ಈಜುಡುಗೆ ಕಡಲ ಬದಿಗಷ್ಟೇ ಸರಿ; ಊರೊಳಗೆ ಭುಜ, ಮಂಡಿ ಮುಚ್ಚಿರಲಿ, ಗಂಡಸರಿಗೂ ಇದೇ ಮಾತು. ರಮ್ಜಾನ್ ತಿಂಗಳಲ್ಲಿ ಹಗಲು ಬೀದಿಯಲ್ಲಿ ತಿನ್ನುವುದು, ಕುಡಿಯುವುದು ಬೇಡ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಊರು ಸುತ್ತಲು ಹೋಗಬೇಡಿ. ಮಕ್ಕಳಿಗೆ ಚಾಕಲೇಟು, ಚಿಲ್ಲರೆ ಹಂಚಬೇಡಿ. ಕೊಡುವ ಮನಸ್ಸಿದ್ದರೆ ಊರಿನವರೊಬ್ಬರನ್ನೇ ಮಾರ್ಗದರ್ಶಿಯಾಗಿ ಕರೆದುಕೊಂಡು, ಹಣ ಮೊದಲೇ ಮಾತಾಡಿ, ಕೊನೆಗೆ ಅವರ ಕೈಗೇ ಕೊಡಿ. ದಡದಲ್ಲಿ ಬೆನ್ನು ಹತ್ತಿ ದೋಣಿ ಸವಾರಿ ಮಾರುವವರೂ ಸಿಗುತ್ತಾರೆ. ‘ಹಪಾನ, ಅಸಾಂತೆ’ (ಬೇಡ, ಧನ್ಯವಾದ) ಎಂದು ಮೆಲ್ಲಗೆ ಹೇಳಿ ನಡೆಯಿರಿ.

ಭಾಷೆಯ ಭಯ ಬೇಡ. ದುಡ್ಡಿಗೆ ಪೇಸ, ಅಂಗಡಿಗೆ ದುಕ, ವಾಹನಕ್ಕೆ ಗಾರಿ, ಕುಡಿಯಲು ಚಾಯ್, ತಿನ್ನಲು ಚಪಾತಿ. ಅಕ್ಕ ಮೀನು ತಿನ್ನುವವಳಲ್ಲ. ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ, ಅದೇ ಹಾಲಿನಲ್ಲಿ ಮಾಡಿದ ಕಾಳಿನ ಸಾರು ಅವಳಿಗೆ ಎರಡೂ ಹೊತ್ತು ಸಾಕಾಯಿತು. ವಿಮೆಗೆ ಅವರು ಬೀಮ ಎನ್ನುತ್ತಾರೆ, ಆ ಪದ ವಿಮಾನ ನಿಲ್ದಾಣದಲ್ಲೇ ಕಿವಿಗೆ ಬೀಳುತ್ತದೆ: 2024ರ ಅಕ್ಟೋಬರ್ 1ರಿಂದ ಜಾಂಜಿಬಾರಿಗೆ ಬರುವ ವಿದೇಶಿಯರು 44 ಡಾಲರಿನ ಅಲ್ಲಿನ ವಿಮೆ ಮಾಡಿಸಲೇಬೇಕು. ನಿಮ್ಮಲ್ಲಿ ಬೇರೆ ಪ್ರವಾಸ ವಿಮೆ ಇದ್ದರೂ ಇದು ತಪ್ಪುವುದಿಲ್ಲ. ಹೊರಡುವ ಮೊದಲೇ ಆನ್‌ಲೈನಿನಲ್ಲಿ ಕಟ್ಟಿ. ಊರಲ್ಲಿ ಖರ್ಚಿಗೆ ಟಾಂಜಾನಿಯಾ ಶಿಲಿಂಗಿನ ಸಣ್ಣ ನೋಟುಗಳಿರಲಿ.

ಜಾಂಜಿಬಾರ್ ನಗರದ ಹಳೆಯ ಭಾಗವಾದ ಸ್ಟೋನ್ ಟೌನಿನಿಂದ ನುಂಗ್ವಿಗೆ ಸುಮಾರು 60 ಕಿ.ಮೀ. 116ನೇ ನಂಬರಿನ ದಾಲಾದಾಲಾ (ಜನ ಹಂಚಿಕೊಂಡು ಹೋಗುವ ಸಣ್ಣ ಬಸ್ಸು) ಬರುತ್ತದೆ; ಅಗ್ಗ, ಇಕ್ಕಟ್ಟು, ನಿಧಾನ. ದೊಡ್ಡ ಪೆಟ್ಟಿಗೆಗಳಿದ್ದರೆ ಟ್ಯಾಕ್ಸಿಯೇ ಸರಿ.

ಒಂದು ಮಾತ್ರ ನಮಗೆ ನೋಡಲು ಸಿಗಲಿಲ್ಲ. ಮುಗಿದ ದೋಣಿಯನ್ನು ಊರವರೆಲ್ಲ ಸೇರಿ ಹಗ್ಗ ಕಟ್ಟಿ ನೀರಿಗೆ ಎಳೆಯುತ್ತಾರೆ. ಅದಕ್ಕೆ ದೊಡ್ಡ ಉಬ್ಬರ ಬೇಕು, ಅಂದರೆ ಅಮಾವಾಸ್ಯೆ, ಹುಣ್ಣಿಮೆಯ ಸುತ್ತಿನ ದಿನಗಳು. ನಾವು ನೋಡಿದ ಧೌಗೆ ಇನ್ನೂ ಮೇಲಿನ ಹಲಗೆ ಕೂಡಿಸಿರಲಿಲ್ಲ. ನೀವು ಹೋದ ದಿನವೇ ದೋಣಿ ಕಟ್ಟುವವರ ಬಳಿ ಹೋಗಿ, ನೀರಿಗಿಳಿಸುವುದು ಯಾವಾಗ ಎಂದು ವಿಚಾರಿಸಿ.