ಮೊದಲ ಗುಳಿಗೆಯ ಲೆಕ್ಕ ಆರನೇ ತಿಂಗಳಿಗೆ ಸಲ್ಲದು

ಒಂದು ಔಷಧದ ಅರ್ಧಾಯು, ಅಂದರೆ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಬೇಕಾದ ಸಮಯ, ಇಷ್ಟು ಗಂಟೆ ಎಂದು ಓದಿದ ಕೂಡಲೇ ಅದು ಎಷ್ಟು ದಿನಕ್ಕೆ ದೇಹದಿಂದ ಹೊರಹೋಗುತ್ತದೆಂದು ಲೆಕ್ಕ ಹಾಕುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ವಿಟಮಿನ್ ಎ ಮೂಲದ ರೆಟಿನಾಯ್ಡ್‌ಗಳ ವಿಷಯದಲ್ಲಿ ಈ ಲೆಕ್ಕವನ್ನು ನಂಬಬಾರದು ಎಂಬುದು ನನ್ನ ಅಭಿಪ್ರಾಯ.

ಸೋರಿಯಾಸಿಸ್‌ಗೆ ಕೊಡಲಾಗುತ್ತಿದ್ದ ಎಟ್ರೆಟಿನೇಟ್ ಇದಕ್ಕೆ ಒಳ್ಳೆಯ ಉದಾಹರಣೆ. ಒಂದೇ ಸಲ ಸೇವಿಸಿದಾಗ ಅದು ರಕ್ತದಿಂದ ಕೆಲವೇ ಗಂಟೆಗಳಲ್ಲಿ ಇಳಿಯುತ್ತಿತ್ತು. ಆದರೆ ತಿಂಗಳುಗಟ್ಟಲೆ ಸೇವಿಸಿದವರಲ್ಲಿ ಅದರ ಅಂತಿಮ ಅರ್ಧಾಯು ಸುಮಾರು 120 ದಿನಗಳಷ್ಟಿದ್ದು, ಚಿಕಿತ್ಸೆ ನಿಲ್ಲಿಸಿ ಎರಡು ವರ್ಷ ಕಳೆದ ಮೇಲೂ ಕೆಲವರ ರಕ್ತದಲ್ಲಿ ಅದು ಪತ್ತೆಯಾಗಿತ್ತು. ಮೊದಲ ಗುಳಿಗೆ ನುಂಗಿದಾಗ ಬರಿದಾಗಿದ್ದ ಕೊಬ್ಬಿನ ಉಗ್ರಾಣ ದಿನದಿನವೂ ತುಂಬುತ್ತ ಹೋಗಿ, ಗುಳಿಗೆ ನಿಂತ ಮೇಲೆ ಚೂರುಚೂರಾಗಿ ರಕ್ತಕ್ಕೆ ಮರಳುತ್ತಿದ್ದುದೇ ಇದಕ್ಕೆ ಕಾರಣ. ಭ್ರೂಣಕ್ಕೆ ತೀವ್ರ ಹಾನಿ ಮಾಡಬಲ್ಲ ಔಷಧಕ್ಕೆ ಇದು ಸಣ್ಣ ದೋಷವೇನಲ್ಲ.

ಅದರ ಬದಲಿಗೆ ಬಂದ ಅಸಿಟ್ರೆಟಿನ್ ಕೊಬ್ಬಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ಅದರ ಅರ್ಧಾಯು ಸುಮಾರು ಎರಡು ದಿನ. ಹಾಗಿದ್ದರೂ ಅದನ್ನು ನಿಲ್ಲಿಸಿದ ಮೇಲೆ 3 ವರ್ಷ ಗರ್ಭ ಧರಿಸಬಾರದೆಂಬ ನಿಯಮವಿದೆ. ಕೇಳಿದವರಿಗೆ ಇದು ಅತಿಯೆನಿಸಬಹುದು. ಆದರೆ ಮದ್ಯ ಸೇವಿಸಿದರೆ ಅಸಿಟ್ರೆಟಿನ್‌ನ ಒಂದು ಪಾಲು ದೇಹದೊಳಗೇ ಮತ್ತೆ ಎಟ್ರೆಟಿನೇಟ್ ಆಗಿ ಬದಲಾಗುತ್ತದೆ, ಅಂದರೆ ಯಾವುದನ್ನು ತಪ್ಪಿಸಲು ಔಷಧ ಬದಲಿಸಿದೆವೋ ಅದೇ ಹಿಂಬಾಗಿಲಿನಿಂದ ಒಳಬರುತ್ತದೆ.

ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಇಂತಹ ದೀರ್ಘ ಶೇಖರಣೆಗೆ ಒಳಗಾಗುವುದಿಲ್ಲವಾದ್ದರಿಂದ ಅದಕ್ಕೆ ಹೇಳುವ ಅವಧಿ ಒಂದು ತಿಂಗಳು ಮಾತ್ರ.

ಟ್ರೆಟಿನಾಯಿನ್ ಎಂಬ ಇನ್ನೊಂದು ರೆಟಿನಾಯ್ಡ್‌ನ ನಡೆ ಎಟ್ರೆಟಿನೇಟ್‌ನ ನಡೆಗೆ ತೀರ ವಿರುದ್ಧವಾದುದು. ಪ್ರೊಮೈಲೊಸೈಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್‌ಗೆ ದಿನವೂ ಒಂದೇ ಪ್ರಮಾಣದಲ್ಲಿ ಕೊಟ್ಟರೂ, ಒಂದು ವಾರದೊಳಗೆ ರಕ್ತದಲ್ಲಿ ಅದರ ಮಟ್ಟ ಮೊದಲ ದಿನದ ಸುಮಾರು ಮೂರನೇ ಒಂದು ಭಾಗಕ್ಕೆ ಕುಸಿಯುತ್ತದೆ, ಏಕೆಂದರೆ ತನ್ನನ್ನು ಒಡೆಯುವ ಸಿವೈಪಿ26 ಕಿಣ್ವದ ಉತ್ಪಾದನೆಯನ್ನು ಅದು ತಾನೇ ಹೆಚ್ಚಿಸುತ್ತದೆ. ಪ್ರಮಾಣ ಏರಿಸಿದರೆ ಕಿಣ್ವವೂ ಏರುವುದರಿಂದ ಅದು ಸುಲಭದ ಪರಿಹಾರವಲ್ಲ. ಬಿಡುವು ಕೊಟ್ಟರೆ ಕಿಣ್ವ ತಗ್ಗುತ್ತದೆ. ರೋಗ ಮರುಕಳಿಸದಂತೆ ನೀಡುವ ಚಿಕಿತ್ಸೆಯಲ್ಲಿ ಟ್ರೆಟಿನಾಯಿನ್ ಅನ್ನು ನಿರಂತರವಾಗಿ ಕೊಡದೆ, 3 ತಿಂಗಳಿಗೊಮ್ಮೆ 15 ದಿನಗಳಂತೆ ಕೊಡುವ ಕ್ರಮ ಈ ಗುಣಕ್ಕೆ ಚೆನ್ನಾಗಿ ಹೊಂದುತ್ತದೆ.