ನಾಲ್ಕರ ಬೀಟು, ಮೂರರ ಕಾಲು

ಡಿಜೆ ಕಲಿಸುವ ವಿಡಿಯೋಗಳೆಲ್ಲ ಒಂದೇ ಲೆಕ್ಕದಿಂದ ಶುರುವಾಗುತ್ತವೆ. ನಾಲ್ಕು ಬೀಟಿಗೆ ಒಂದು ಬಾರ್, ಅಂಥ ಎಂಟು ಬಾರ್‌ಗೆ ಒಂದು ಘಟ್ಟ. 32 ಬೀಟು ಎಣಿಸು, ಮುಂದಿನ ಹಾಡು ಬಿಡು. ಹೌಸ್, ಟೆಕ್ನೋ ಸಂಗೀತಕ್ಕೆ ಇದು ಸರಿಯಾದ ಲೆಕ್ಕ. ಆದರೆ ರಾಯಚೂರಿನ ಮದುವೆಯಲ್ಲಿ ಜನ ಎದ್ದು ಕುಣಿಯುವ ಹಾಡುಗಳಲ್ಲಿ ಎಷ್ಟೋ ಈ ಲೆಕ್ಕಕ್ಕೆ ಸಿಗುವುದೇ ಇಲ್ಲ. ಹಲಗಿ ಪೆಟ್ಟಿನ ಜಾನಪದ ಗೀತೆಯಾಗಲಿ, ತೆಲಂಗಾಣದ ಗದ್ವಾಲ ಕಡೆಯ ಬೀಗರು ಕೇಳುವ ತೀನ್‌ಮಾರ್ ಕುಣಿತದ ಪೆಟ್ಟಾಗಲಿ, ಹೆಚ್ಚಿನವು ತಿಶ್ರ ನಡೆಯವು. ತಕಿಟ, ತಕಿಟ ಎಂದು ಮೂರು ಮೂರಾಗಿ ಓಡುತ್ತವೆ. ಮೊದಲ ಸಲ ಜನರೆದುರು ಹಾಡು ಹಾಕಲು ತಯಾರಿ ನಡೆಸಿದ ದಿನಗಳಲ್ಲಿ ನನ್ನ ತಲೆ ತುಂಬ ಇದೊಂದೇ ವಿಷಯ ಇತ್ತು.

ನಾನು ಹಗಲು ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಲೆಕ್ಕಪತ್ರ ಬರೆಯುವ ಆಳು. ಜೊತೆಗೆ ಕೆಲಸ ಮಾಡುವ ಗೆಳೆಯನ ತಂಗಿಯ ಮದುವೆ ಮೇ ತಿಂಗಳಿಗೆ ಗೊತ್ತಾಯಿತು. ಅರಿಶಿಣದ ಸಂಜೆ ನೀನೇ ಹಾಡು ಹಾಕಬೇಕು ಎಂದು ಅವನು ಹಟ ಹಿಡಿದ. ಅಲ್ಲಿಯವರೆಗೆ ನನ್ನ ಡಿಜೆ ವಿದ್ಯೆ ಕೋಣೆಯ ಬಾಗಿಲು ದಾಟಿರಲಿಲ್ಲ. ನನ್ನ ಹತ್ತಿರ ಇದ್ದದ್ದು ಹೈದರಾಬಾದಿನಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡ ಪಯೋನಿಯರ್ ಡಿಡಿಜೆ-400, ಹಳೆಯ ಲ್ಯಾಪ್‌ಟಾಪ್, ಒಂದು ಹೆಡ್‌ಫೋನ್. ಡಿಡಿಜೆ-400 ಹೊಸಬರಿಗೆಂದೇ ಮಾಡಿದ ಎರಡು ಚಾನೆಲ್‌ನ ಕಂಟ್ರೋಲರ್. ಎಡಬಲಕ್ಕೆ ಹಾಡನ್ನು ಕೈಯಿಂದ ಹಿಂದೆಮುಂದೆ ಸರಿಸುವ ಒಂದೊಂದು ಚಕ್ರ (ಜಾಗ್ ವ್ಹೀಲ್), ನಡುವೆ ಸದ್ದು ಏರಿಳಿಸುವ ವಾಲ್ಯೂಮ್ ಫೇಡರ್‌ಗಳು, ಅವುಗಳ ಮೇಲೆ ತೆಳು, ನಡು, ದಪ್ಪ ಸದ್ದಿಗೆ ಹೈ, ಮಿಡ್, ಲೋ ತಿರುಗುಬಟನ್‌ಗಳು. ಬೇರೆ ಪವರ್ ಬೇಡ. ಲ್ಯಾಪ್‌ಟಾಪಿನ ಯುಎಸ್‌ಬಿಯಿಂದಲೇ ನಡೆಯುತ್ತದೆ. ಈ ಸಣ್ಣ ಗುಣ ಆ ಸಂಜೆ ನನ್ನ ಮಾನ ಉಳಿಸಿತು, ಅದನ್ನು ಮುಂದೆ ಹೇಳುತ್ತೇನೆ.

ಹಾಡುಗಳನ್ನು ರೆಕಾರ್ಡ್‌ಬಾಕ್ಸ್ ತಂತ್ರಾಂಶಕ್ಕೆ ತುಂಬಿದರೆ ಅದು ಪ್ರತಿ ಹಾಡಿನ ವೇಗ ಅಳೆದು ನಿಮಿಷಕ್ಕೆ ಇಷ್ಟು ಬೀಟು ಎಂದು ಬರೆದಿಡುತ್ತದೆ. ಸಿನಿಮಾ ಹಾಡುಗಳಿಗೆ ಸರಿಯಾಗಿ ಬರೆಯಿತು. ಜಾನಪದಕ್ಕೆ ಬಂದಾಗ, ನನ್ನ ಕಾಲು 100 ಎನ್ನುತ್ತಿದ್ದ ಹಾಡಿಗೆ ಪರದೆ 150 ತೋರಿಸಿತು. ಮೂರು ಮೂರರ ಗುಂಪನ್ನು ಎರಡು ಎರಡಾಗಿ ಕಡಿದು ಎಣಿಸಿದರೆ ಒಂದೂವರೆ ಪಟ್ಟು ಬರುವುದು ಸಹಜವೇ. ಇನ್ನು ಕೈಯಿಂದ ಬಾರಿಸಿದ ಹಳೆಯ ರೆಕಾರ್ಡಿಂಗುಗಳಲ್ಲಿ ವೇಗ ಒಂದೇ ಕಡೆ ನಿಲ್ಲುವುದಿಲ್ಲ. ಪಲ್ಲವಿ ನಿಧಾನ ಇರುತ್ತದೆ, ಕೊನೆಯ ಚರಣಕ್ಕೆ ವಾದ್ಯದವರಿಗೆ ಹುರುಪು ಬಂದಿರುತ್ತದೆ. ಅಂಥ ಹಾಡಿನ ಮೇಲೆ, ಎರಡು ಹಾಡಿನ ಬೀಟನ್ನು ತಾನೇ ಹೊಂದಿಸುವ ಸಿಂಕ್ ಬಟನ್ ಒತ್ತಿ ಪ್ರಯೋಜನವಿಲ್ಲ.

ದೇವದುರ್ಗ ಕಡೆಯ ಹಳ್ಳಿಯಲ್ಲಿರುವ ನನ್ನ ಸೋದರಮಾವ ತತ್ವಪದದ ಭಜನೆಗೆ ತಬಲಾ ಬಾರಿಸುವವರು. ಹಲಗಿಯೂ ಅವರ ಕೈಗೆ ಹತ್ತಿದೆ. ನನ್ನ ತೊಡಕನ್ನು ಕೇಳಿ ಟ್ರಂಕಿನ ಮೇಲೆ ಬೆರಳಿಟ್ಟು, ಒಂದೇ ವೇಗದಲ್ಲಿ ಸಮದ ಪೆಟ್ಟು ಹಾಕುತ್ತಾ ಒಳಗೆ ಮೊದಲು ತಕಿಟ ತುಂಬಿದರು, ಆಮೇಲೆ ತಕಧಿಮಿ ತುಂಬಿದರು.

“ನೋಡು, ಕಾಲು ಬೀಳೋದು ಸಮಕ್ಕ. ಒಳಗ ಮೂರು ತುಂಬು, ನಾಲ್ಕು ತುಂಬು, ಕಾಲಿಗೆ ಏನಾಗಬೇಕು?” ಅಂದರು.

ಅಷ್ಟು ಸಾಕಿತ್ತು. ತಿಶ್ರದ ಹಾಡಿನಿಂದ ಚತುರಶ್ರದ, ಅಂದರೆ ನಾಲ್ಕರ ನಡೆಯ ಹಾಡಿಗೆ ಹೋಗುವಾಗ ಎರಡನ್ನೂ ಒಂದರ ಮೇಲೊಂದು ಹೊದಿಸುವ ಹಂಗೇ ಬೇಡ. ಸಮದ ವೇಗ ಒಂದೇ ಇಟ್ಟು, ನಡುವೆ ಬರೀ ವಾದ್ಯದ ಸೇತುವೆ ಹಾಕಿ, ಆ ಸೇತುವೆಯೊಳಗೇ ನಡೆ ಬದಲಿಸಿದರೆ ಕುಣಿಯುವವರು ನಿಲ್ಲುವುದಿಲ್ಲ.

ಸೇತುವೆಗೆ ನನಗೆ ಅವರ ಕೈಯೇ ಬೇಕಿತ್ತು. ಹಿತ್ತಲಲ್ಲಿ ಒಂದಿಷ್ಟು ಕಣಕಿಗೆ ಬೆಂಕಿ ಹಚ್ಚಿ ಹಲಗಿಯ ಚರ್ಮ ಕಾಯಿಸಿದರು. ಬೆರಳಿಂದ ಬಡಿದು ನೋಡುವುದು, ಮತ್ತೆ ಕಾಯಿಸುವುದು. ಸದ್ದು ಠಣ್ ಎನ್ನುವ ತನಕ ಕೋಲು ಮುಟ್ಟಲಿಲ್ಲ. ಅವರ ಕಿವಿಗೆ ಹೆಡ್‌ಫೋನ್ ಹಾಕಿ 100ರ ಟಿಕ್ ಟಿಕ್ ಬಿಟ್ಟೆ. ಎಂಟು ಆವರ್ತ ಮೂರರ ನಡೆ, ಎಂಟು ಆವರ್ತ ನಾಲ್ಕರ ನಡೆ ಬಾರಿಸಿದರು. ಫೋನಿನಲ್ಲಿ ಹಿಡಿದ ಆ ರೆಕಾರ್ಡಿಂಗನ್ನು ಕತ್ತರಿಸಿ ಮತ್ತೆ ಮತ್ತೆ ತಿರುಗುವ ಲೂಪ್ ಮಾಡಿಕೊಂಡೆ. 96ರ ಹಾಡಿದ್ದರೆ ಟೆಂಪೊ ಸ್ಲೈಡರ್ ಎಳೆದು 100ಕ್ಕೆ ತರುವುದು, ಮಾಸ್ಟರ್ ಟೆಂಪೊ ಒತ್ತಿದರೆ ಹಾಡುವವರ ಶ್ರುತಿ ಏರದಂತೆ ಹಿಡಿದಿಡುತ್ತದೆ, ಆಮೇಲೆ ಮಾವನ ಹಲಗಿ, ಅದರ ಬೆನ್ನಿಗೆ ಮುಂದಿನ ಹಾಡು. ನನ್ನ ತಯಾರಿಯ ಜೀವಾಳ ಇದು.

1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ತಂಗಿ ಇಟ್ಟುಕೊಂಡ ಪಾರ್ಟಿಗೆ ಡಿಜೆ ಕೂಲ್ ಹರ್ಕ್ ಹಾಡು ಹಾಕಿದ ಸಂಗತಿಯನ್ನು ಹಿಪ್‌ಹಾಪ್ ಹುಟ್ಟಿದ ದಿನ ಎಂದು ಹೇಳುತ್ತಾರೆ. ಹಾಡು ನಿಂತು ಡ್ರಮ್ ಮಾತ್ರ ಉಳಿಯುವ ಜಾಗಕ್ಕೆ ಕುಣಿಯುವವರು ಕಾದಿರುತ್ತಾರೆ ಎಂದು ಆತ ಕಂಡುಕೊಂಡಿದ್ದ. ಅದಕ್ಕೇ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟು ಆ ಜಾಗವನ್ನೇ ಹಿಗ್ಗಿಸುತ್ತಿದ್ದ. ಇದನ್ನು ಓದಿದಾಗ ನನಗೆ ರೋಮಾಂಚನವಾಯಿತು. ನಮ್ಮ ಮೆರವಣಿಗೆಗಳಲ್ಲಿ ಹಾಡು ಬಿಟ್ಟು ಹಲಗಿ ಒಂದೇ ಉಳಿದಾಗ ಹುಡುಗರು ಮೈಮೇಲೆ ಬಂದವರ ಹಾಗೆ ಕುಣಿಯುವುದಿಲ್ಲವೇ? ಆ ಜಾಗವೇ ಅದು.

ಮೇ ತಿಂಗಳ ರಾಯಚೂರು ಎಂದರೆ ಗೊತ್ತಲ್ಲ. ಮಧ್ಯಾಹ್ನ ಪಾತ್ರೆ ಮುಟ್ಟಿದರೂ ಕೈ ಸುಡುತ್ತದೆ. ಲ್ಯಾಪ್‌ಟಾಪ್ ಕಾದರೆ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ, ಆಗ ಹಾಡು ತೊದಲುತ್ತದೆ. ಅದಕ್ಕೆ ಕೆಳಗೆ ಎರಡು ಇಟ್ಟಿಗೆ ಇಟ್ಟು ಗಾಳಿ ಆಡುವಂತೆ ಮಾಡಿದೆ, ಪಕ್ಕದಲ್ಲಿ ಟೇಬಲ್ ಫ್ಯಾನ್ ಇಟ್ಟೆ, ವೈಫೈ ಸೇರಿ ಬೇಡದ್ದೆಲ್ಲ ಬಂದ್ ಮಾಡಿದೆ. ಹಾಡುಗಳ ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲೂ ಇತ್ತು.

ಕಲ್ಯಾಣ ಮಂಟಪ ಊರ ಹೊರಗೆ, ಮುಂದೆ ಬಯಲು. ಸೌಂಡ್ ಸಿಸ್ಟಮ್ ತಂದವರು ವಯಸ್ಸಾದ ಒಬ್ಬ ಚಾಚಾ. ಮೊದಲು ಅವರು ಕೇಳಿದ್ದು, “ಕೆಂಪು ದೀಪ ಹಚ್ಚಂಗಿಲ್ಲಲ್ಲ?” ಎಂದು. ಮೀಟರಿನ ಕೆಂಪು ದೀಪ ಹತ್ತಿತೆಂದರೆ ಸದ್ದಿನ ಅಲೆಯ ತುದಿ ಕತ್ತರಿಸಿ ಹೋಗುತ್ತಿದೆ ಎಂದರ್ಥ. ಆಮೇಲೆ ಎಷ್ಟು ಏರಿಸಿದರೂ ಹಾಡು ಒಡೆಯುತ್ತದೆ ಅಷ್ಟೆ, ಸ್ಪೀಕರಿಗೂ ಪೆಟ್ಟು. ಹಚ್ಚಂಗಿಲ್ಲ ಎಂದು ಮಾತು ಕೊಟ್ಟೆ.

ಅವರು ಒಂದು ಸಣ್ಣ ಸ್ಪೀಕರನ್ನು ನನ್ನ ಮೇಜಿನ ಪಕ್ಕ, ನನ್ನ ಕಿವಿಗೆ ತಿರುಗಿಸಿ ಇಟ್ಟರು. ಅದೇ ಮಾನಿಟರ್. ಮುಖ್ಯ ಸ್ಪೀಕರುಗಳು ನನ್ನಿಂದ ಸುಮಾರು 20 ಮೀಟರ್ ದೂರ. ಸದ್ದು ಸೆಕೆಂಡಿಗೆ ಸುಮಾರು 350 ಮೀಟರ್ ಹೋಗುತ್ತದೆ. ಅಂದರೆ ಅಲ್ಲಿನ ಪೆಟ್ಟು ನನಗೆ ಮುಟ್ಟುವಷ್ಟರಲ್ಲಿ 60 ಮಿಲಿಸೆಕೆಂಡಿನ ಹತ್ತಿರ ತಡ. 100ರ ಹಾಡಿನಲ್ಲಿ ಎರಡು ಬೀಟಿನ ನಡುವಿನ ಅಂತರವೇ 600 ಮಿಲಿಸೆಕೆಂಡು. ಹೆಡ್‌ಫೋನಿನ ಹಾಡನ್ನು ಬಯಲಿನಿಂದ ಮರಳಿ ಬರುವ ಸದ್ದಿಗೆ ಹೊಂದಿಸಿದರೆ ಪ್ರತಿ ಸಲ ಹತ್ತರಲ್ಲೊಂದು ಪಾಲು ಹಿಂದೆ ಬೀಳಬೇಕು. ವಿಡಿಯೋಗಳಲ್ಲಿ ನಾನು ಕಾಣದ ಈ ಪಾಠವನ್ನು ಚಾಚಾ ಸ್ಪೀಕರ್ ತಿರುಗಿಸಿಟ್ಟೇ ಕಲಿಸಿದರು.

ಸಂಜೆ ಹೆಣ್ಣುಮಕ್ಕಳು ಸೋಬಾನ ಪದ ಶುರು ಮಾಡಿದರು. ಸ್ಪೀಕರ್ ಯಾವಾಗ ಹಚ್ಚುತ್ತಿ ಎಂದು ಹುಡುಗರು ಅವಸರ ಮಾಡುತ್ತಿದ್ದರು. ಆ ಪದಗಳು ಮುಗಿಯದೆ ಬಟನ್ ಮುಟ್ಟುವುದಿಲ್ಲ ಎಂದು ನಾನು ಮೊದಲೇ ಗೆಳೆಯನಿಗೆ ಹೇಳಿದ್ದೆ. ಮದುವೆಯ ಹಾಡು ಎಂದರೆ ಅದೇ, ನನ್ನದು ಅದರ ನಂತರದ್ದು. ಆರತಿ ಆದ ಮೇಲೆ ಮದುಮಗಳ ಅಜ್ಜಿ ನನ್ನ ಕಡೆ ನೋಡಿ, “ಹೂಂ, ಹಚ್ಚು ಇನ್ನ” ಎಂದರು. ಕೈ ಸಣ್ಣಗೆ ನಡುಗುತ್ತಿತ್ತು. ಪ್ಲೇ ಒತ್ತಿದೆ.

ಶುರುವಿನ ಹಾಡುಗಳು ಮಕ್ಕಳಿಗೆ. ಮಕ್ಕಳು ಕುಣಿದರೆ ತಾಯಂದಿರು ಹತ್ತಿರ ಬರುತ್ತಾರೆ. ಹೊಸ ಹಾಡಿನ ಲೋ ಏರಿಸುವಾಗ ಹಳೆಯದರ ಲೋ ಇಳಿಸಬೇಕು, ಎರಡೂ ಬಾಸ್ ಕೂಡಿದರೆ ಬರೀ ಗುಡುಗುಡು. ಇದೆಲ್ಲ ಬೆರಳಿಗೆ ರೂಢಿಯಾಗಿತ್ತು. ತೆಲುಗು ಆಯಿತು, ಹಿಂದಿ ಆಯಿತು. ಮುಂದೆ ಜಾನಪದ. ಮಾವನ ಹಲಗಿ ಲೂಪ್ ಬಿಟ್ಟೆ, ಮೊದಲು ನಾಲ್ಕರ ನಡೆ. ಆಮೇಲೆ ಸಮದ ಮೇಲೆ ಮೂರಕ್ಕೆ ದಾಟಿಸಿದೆ. ಬಯಲಿನಲ್ಲಿದ್ದ ಭುಜಗಳೆಲ್ಲ ಒಮ್ಮೆಲೇ ಬೇರೆ ರೀತಿ ಅಲುಗಿದವು. ಕಾಲು ಮಾತ್ರ ನಿಲ್ಲಲಿಲ್ಲ. ಅಷ್ಟೊಂದು ಸಂತೋಷ ನನಗೆ ಇನ್ಯಾವ ಕೆಲಸದಲ್ಲೂ ಸಿಕ್ಕಿಲ್ಲ.

ಆ ಹಾಡಿನ ನಡುವೆಯೇ ಕರೆಂಟು ಹೋಯಿತು. ಸ್ಪೀಕರುಗಳು ಸತ್ತವು, ದೀಪ ಆರಿದವು. ಆದರೆ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲಿತ್ತು, ಕಂಟ್ರೋಲರ್ ಲ್ಯಾಪ್‌ಟಾಪಿನ ಮೇಲಿತ್ತು, ನನ್ನ ಹೆಡ್‌ಫೋನಿನಲ್ಲಿ ಹಾಡು ನಡೆದೇ ಇತ್ತು. ಕತ್ತಲಲ್ಲಿ ಜನ ಚಪ್ಪಾಳೆ ಬಿಡಲಿಲ್ಲ. ನಾನು ಹಾಡು ನಿಲ್ಲಿಸಿ, ಹಲಗಿ ಲೂಪನ್ನು ಅವರ ಚಪ್ಪಾಳೆಗೆ ಹೊಂದಿಸಿಕೊಂಡು, ಫೇಡರ್ ಕೆಳಗಿಟ್ಟು ಎಣಿಸುತ್ತಾ ನಿಂತೆ. ಜನರೇಟರ್ ಹತ್ತಿತು. ಚಾಚಾ ಆಂಪ್ಲಿಫೈಯರ್ ಹಚ್ಚಿ ಕೈ ಎತ್ತಿದರು. ಸಮ ಬರುವ ತನಕ ಕಾದು ಫೇಡರ್ ಏರಿಸಿದೆ. ಚಪ್ಪಾಳೆಯ ಮೇಲೇ ಹಲಗಿ ಬಿತ್ತು. ಅಜ್ಜಿ ಸೆರಗು ಸಿಕ್ಕಿಸಿಕೊಂಡು ಕುಣಿಯಲು ಬಂದದ್ದು ಆಗಲೇ.

ಬಯಲಿನಲ್ಲಿ ಧ್ವನಿವರ್ಧಕ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಂದ್ ಇರಬೇಕು ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಇನ್ನೊಂದು, ಇನ್ನೊಂದು ಎಂದು ಹುಡುಗರು ಮೇಜು ಸುತ್ತಿದರು. ಪಕ್ಕದ ಓಣಿಯಲ್ಲಿ ಕೂಸುಗಳಿರುತ್ತವೆ, ಮುದುಕರಿರುತ್ತಾರೆ. ಹೇಳಿದ ಹೊತ್ತಿಗೆ ಫೇಡರ್ ಇಳಿಸಿದೆ.

ವೈರು ಸುತ್ತುತ್ತಿದ್ದಾಗ ಇಬ್ಬರು ಹತ್ತಿರ ಬಂದರು. ಮರುದಿನದ ಮೆರವಣಿಗೆಗೆ ಬಂದಿದ್ದ ಹಲಗಿಯವರು. ಹಲಗಿ ಯಾರದು ಎಂದು ಕೇಳಿದರು. ಮಾವನದು ಎಂದೆ. ದಪ್ಪ ಕೋಲಿನ ಪೆಟ್ಟು ಚಲೋ ಐತಿ, ಸಣ್ಣ ಕಡ್ಡಿಯ ಕೆಲಸ ಕೇಳಸವಲ್ದು ಎಂದರು. ಮೇಜಿನ ಅಂಚಿನ ಮೇಲೆ ಬೆರಳಾಡಿಸಿ ಆ ಕಡ್ಡಿ ಎಲ್ಲೆಲ್ಲಿ ಬೀಳಬೇಕಿತ್ತೆಂದು ತೋರಿಸಿದರು. ನಿಮ್ಮದನ್ನೇ ರೆಕಾರ್ಡ್ ಮಾಡಿಕೊಳ್ಳಲೇ ಎಂದೆ. ರೊಕ್ಕ ಎಷ್ಟು ಕೊಡುತ್ತಿ ಎಂದು ಹಿರಿಯವರು ನೇರ ಕೇಳಿದರು. ಒಂದು ಮೆರವಣಿಗೆಗೆ ಎಷ್ಟು ತಗೊಳ್ಳುತ್ತೀರೋ ಅಷ್ಟು, ಮುಂದೆ ಎಲ್ಲಿ ಬಳಸಿದರೂ ನಿಮ್ಮ ಹೆಸರು ಹೇಳುತ್ತೇನೆ ಎಂದೆ. ಒಪ್ಪಿದರು. ಮುಂಗಾರು ಬಿತ್ತನೆ ಮುಗಿದ ಮೇಲೆ ಅವರ ಊರಿಗೆ ಹೋಗುವುದು, ಈ ಸಲ ಫೋನು ಸಾಲದು, ಒಳ್ಳೆಯ ಮೈಕ್ ತಗೊಂಡು. ಮೊದಲು ಮೂರರ ನಡೆ, ಆಮೇಲೆ ನಾಲ್ಕರದು.