ಅರ್ಧ ಸೆಕೆಂಡಿನ ಉದ್ದ

ಸಿನಿಮಾ ಸಂಕಲನ ಕಲಿತ ನಮ್ಮ ಕಾಲೇಜಿನ ಎರಡನೇ ಮಹಡಿಯ ಕೊನೆಯ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದಕ್ಕೂ ಕಪ್ಪು ಬಟ್ಟೆ ಹೊಡೆದಿದ್ದರು. ಬಾಗಿಲು ತೆಗೆದ ಕೂಡಲೇ ಹಳೆಯ ಫಿಲಂನ ಹುಳಿ ವಾಸನೆ ಮೂಗಿಗೆ ಅಡರುತ್ತಿತ್ತು. ನಡುವೆ ಸ್ಟೀನ್‌ಬೆಕ್ ಎಂಬ ದೊಡ್ಡ ಎಡಿಟಿಂಗ್ ಮೇಜು. ಅದರ ಮೇಲೆ ತಿರುಗುವ ಆರು ತಟ್ಟೆಗಳು, ಎರಡು ಚಿತ್ರಕ್ಕೆ, ನಾಲ್ಕು ಧ್ವನಿಗೆ. ಬದಿಯಲ್ಲಿ ಒಳಗೆ ಬಟ್ಟೆ ಹೊದಿಸಿದ ಒಂದು ತೊಟ್ಟಿ, ಮೇಲಿನ ಕಂಬಿಯ ಮೊಳೆಗಳಿಂದ ಅದರೊಳಕ್ಕೆ ಜೋತುಬಿದ್ದ ಫಿಲಂ ತುಂಡುಗಳು. ಪಕ್ಕದ ಕೋಣೆಯಲ್ಲಿ ಕಂಪ್ಯೂಟರುಗಳಿದ್ದವು. ನಾವೆಲ್ಲ ಕೋರ್ಸಿಗೆ ಸೇರಿದ್ದೇ ಅವುಗಳ ಆಸೆಗೆ. ಆದರೆ ಸಂಕಲನ ಕಲಿಸುತ್ತಿದ್ದ ಮೇಡಂ ಮೊದಲ ಆರು ತಿಂಗಳು ಆ ಬಾಗಿಲಿನ ಬೀಗ ತೆಗೆಯಲೇ ಇಲ್ಲ.

"ಮೊದಲು ಕಾಲವನ್ನು ಕೈಯಲ್ಲಿ ಹಿಡಿದು ನೋಡಿ" ಅಂದರು ಮೊದಲನೇ ದಿನ. ಮಾತಿಗೆ ಹೇಳಿದ್ದಲ್ಲ. ಹದಿನಾರು ಎಂ.ಎಂ. ಫಿಲಂನಲ್ಲಿ ಒಂದು ಅಡಿಗೆ 40 ಫ್ರೇಮು, ಅಂದರೆ 40 ಬಿಡಿ ಚಿತ್ರ. ಪರದೆಯ ಮೇಲೆ ಓಡುವುದು ಸೆಕೆಂಡಿಗೆ 24. ಅಂದರೆ ಒಂದು ನಿಮಿಷ 36 ಅಡಿ. ಅರ್ಧ ಸೆಕೆಂಡು ಹನ್ನೆರಡು ಫ್ರೇಮು, ಒಂಬತ್ತು ಸೆಂಟಿಮೀಟರಿಗಿಂತ ಒಂದು ಕೂದಲೆಳೆ ಹೆಚ್ಚು. ಹೆಬ್ಬೆರಳು ತೋರುಬೆರಳುಗಳ ನಡುವೆ ಆ ಅಗಲವನ್ನು ಅವರು ಹಿಡಿದು ತೋರಿಸಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಂತರದ ಇಷ್ಟು ವರ್ಷಗಳಲ್ಲಿ ಕಂಪ್ಯೂಟರಿನಲ್ಲಿ ಶಾಟುಗಳನ್ನು ಸಾಲಾಗಿ ಜೋಡಿಸುವ ಟೈಮ್‌ಲೈನಿನ ಮೇಲೆ ಎಷ್ಟೋ ಸಾವಿರ ಗಂಟೆ ಕಳೆದಿದ್ದೇನೆ. ಈಗಲೂ ಒಂದು ಕಟ್ ಅವಸರವಾಯಿತು ಅನ್ನಿಸಿದಾಗ ಆ ಎರಡು ಬೆರಳುಗಳೇ ನೆನಪಾಗುವುದು.

ನಮ್ಮ ಮೊದಲ ಅಭ್ಯಾಸಕ್ಕೆ ಇಡೀ ತರಗತಿಗೆ ಒಂದೇ ರಶಸ್‌ನ, ಅಂದರೆ ಶೂಟ್ ಮಾಡಿ ಇನ್ನೂ ಕತ್ತರಿಸದ ಫಿಲಂನ, ಪ್ರತಿಗಳನ್ನು ಕೊಟ್ಟರು. 400 ಅಡಿಯ ಒಂದು ಸುರುಳಿ, ಸುಮಾರು ಹನ್ನೊಂದು ನಿಮಿಷ. ಕತೆ ಇಷ್ಟೇ: ಮಗ ಊರು ಬಿಟ್ಟು ಹೊರಡುತ್ತಾನೆ, ತಾಯಿ ಬಾಗಿಲಲ್ಲಿ ನಿಂತು ನೋಡುತ್ತಾಳೆ, ಬಾಗಿಲು ಮುಚ್ಚುತ್ತದೆ. ಎರಡು ನಿಮಿಷಕ್ಕೆ ಇಳಿಸಬೇಕು. ನಾನು ಎರಡು ದಿನ ಕೂತು, ಬಿಳಿ ಕೈಗವಸು ಹಾಕಿಕೊಂಡು, ಬಳಪದಂಥ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಕತ್ತರಿಸಿ, ಟೇಪು ಅಂಟಿಸಿ ಮುಗಿಸಿದೆ. ಚುರುಕಾಗಿ ಬಂದಿದೆ ಎಂಬ ಹೆಮ್ಮೆ ಇತ್ತು. ಮಗ ಬೀದಿಯ ತಿರುವಿನಲ್ಲಿ ಮರೆಯಾದ, ತಾಯಿಯ ಮುಖ, ಮುಚ್ಚಿದ ಬಾಗಿಲು. ಎಲ್ಲಿಯೂ ಜಾಳು ಇಲ್ಲ.

ಮೇಡಂ ಒಮ್ಮೆ ನೋಡಿದರು. ಮತ್ತೊಮ್ಮೆ ಹಾಕಿಸಿ ನೋಡಿದರು. ಆಮೇಲೆ, "ಅವಳ ಕೈ ಎಲ್ಲಿ ಹೋಯ್ತಮ್ಮಾ?" ಅಂದರು.

ನನಗೆ ಅರ್ಥವಾಗಲಿಲ್ಲ. ತೊಟ್ಟಿಯಲ್ಲಿ ಹುಡುಕು ಅಂದರು. ತಾಯಿಯ ಶಾಟಿನ ಬಾಲ, ನಾನೇ ಕತ್ತರಿಸಿ ಮೊಳೆಗೆ ನೇತುಹಾಕಿದ ತುಂಡು, ಸಿಕ್ಕಿತು. ಅದನ್ನು ದೀಪದ ಪೆಟ್ಟಿಗೆಯ ಮೇಲೆ ಇಟ್ಟು ಭೂತಗನ್ನಡಿ ಹಿಡಿದೆ. ಮೊದಲ ಫ್ರೇಮಿನಲ್ಲಿ ಅವಳ ನಾಲ್ಕು ಬೆರಳು ಚಿಲಕವನ್ನು ಬಿಗಿಯಾಗಿ ಹಿಡಿದಿವೆ. ಐದನೆಯದರಲ್ಲಿ ಕಿರುಬೆರಳು ಸಡಿಲ. ಏಳು, ಎಂಟರಲ್ಲಿ ಗೆಣ್ಣುಗಳ ಬಿಳುಪು ಹೋಗಿದೆ. ಹನ್ನೆರಡನೆಯದರಲ್ಲಿ ಕೈ ಚಿಲಕವನ್ನು ಬಿಟ್ಟು ಗಾಳಿಯಲ್ಲಿದೆ, ಏನು ಮಾಡಬೇಕೆಂದು ತೋಚದ ಹಾಗೆ. ಅಷ್ಟನ್ನು ನಾನು ಎಸೆದಿದ್ದೆ. ಮಗ ಕಣ್ಣಿಂದ ಮರೆಯಾದದ್ದಷ್ಟೇ ನನ್ನ ಕಟ್ಟಿನಲ್ಲಿತ್ತು. ಅವಳು ಅವನನ್ನು ಕಳಿಸಿಕೊಟ್ಟದ್ದು ಇದ್ದುದು ತೊಟ್ಟಿಯಲ್ಲಿ. ಆ ಒಂಬತ್ತು ಸೆಂಟಿಮೀಟರನ್ನು ಮರಳಿ ಅಂಟಿಸಿ ಓಡಿಸಿದಾಗ ಕೋಣೆಯಲ್ಲಿದ್ದ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮೇಡಂ ಇತಿಹಾಸವನ್ನು ಪಾಠವಾಗಿ ಹೇಳಿದ್ದು ಕಡಿಮೆ. ಫಿಲಂ ಸುತ್ತುತ್ತ ಹೇಳುತ್ತಿದ್ದರು. ಹಾಲಿವುಡ್ಡಿನ ಆರಂಭದ ದಿನಗಳಲ್ಲಿ ಫಿಲಂ ಕತ್ತರಿಸಿ ಅಂಟಿಸುವ ಕೆಲಸದಲ್ಲಿ ಬಹಳಷ್ಟು ಮಂದಿ ಹೆಂಗಸರೇ ಇದ್ದರು, 'ಕಟರ್' ಅನ್ನುತ್ತಿದ್ದರು ಅವರನ್ನು. ಹೊಲಿಗೆಯಂಥ ಕೆಲಸ, ಹೆಂಗಸರು ಮಾಡಿಕೊಳ್ಳಲಿ ಎಂಬ ಭಾವನೆ. ಫಿಲಂ ಓಡಿಸಿ ನೋಡುತ್ತ ಕತ್ತರಿಸಲು ಮೂವಿಯೋಲಾ ಯಂತ್ರ 1924ರಲ್ಲಿ ಬರುವವರೆಗೆ ಹಲವರು ಫಿಲಂ ಪಟ್ಟಿಯನ್ನು ಬೆಳಕಿಗೆ ಹಿಡಿದು, ಓಟದ ವೇಗವನ್ನು ಮನಸ್ಸಿನಲ್ಲೇ ಊಹಿಸಿಕೊಂಡು ಕತ್ತರಿಸುತ್ತಿದ್ದರು. ಮಾರ್ಗರೆಟ್ ಬೂತ್ ಆ ಪೀಳಿಗೆಯಿಂದ ಬಂದವರು. ನೂರು ವರ್ಷ ದಾಟಿ ಬದುಕಿದರು. ಸಂಕಲನಕ್ಕೆ ಆಸ್ಕರ್ ಕೊಡಲು ಶುರುವಾದದ್ದು 1934ರ ಚಿತ್ರಗಳಿಂದ. ಆ ಬಹುಮಾನ ಪಡೆದ ಮೊದಲ ಮಹಿಳೆ ಆನ್ ಬಾಚೆನ್ಸ್, 1940ರ ಒಂದು ಚಿತ್ರಕ್ಕೆ. ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆ ಜೊತೆ ದಶಕಗಟ್ಟಲೆ ದುಡಿದ ಥೆಲ್ಮಾ ಸ್ಕೂನ್‌ಮೇಕರ್ ಮೂರು ಬಾರಿ ಪಡೆದರು. ಈ ಹೆಸರುಗಳನ್ನು ಮೇಡಂ ತಮ್ಮ ಮನೆಯ ಹಿರಿಯರ ಬಗ್ಗೆ ಹೇಳುವ ಹಾಗೆ ಹೇಳುತ್ತಿದ್ದರು. ತರಗತಿಯಲ್ಲಿದ್ದ ನಾವು ಮೂವರು ಹುಡುಗಿಯರಿಗೆ ಅದು ಎಷ್ಟು ಬಲ ಕೊಟ್ಟಿತು ಎಂಬುದನ್ನು ಅವರಿಗೆ ನಾನು ಯಾವತ್ತೂ ಹೇಳಿಲ್ಲ. ಇಲ್ಲಿ ಬರೆದಿದ್ದೇನೆ.

ಇನ್ನೊಂದು ದಿನ ಮರೆಯಲಾರೆ. ರಷ್ಯದ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ ನೂರು ವರ್ಷಗಳ ಹಿಂದೆ ಮಾಡಿದ ಪ್ರಯೋಗ ಗೊತ್ತಿರಬಹುದು: ನಟನ ಭಾವವಿಲ್ಲದ ಒಂದೇ ಮುಖ, ಅದರ ಪಕ್ಕದಲ್ಲಿ ಒಮ್ಮೆ ಸೂಪಿನ ತಟ್ಟೆ, ಒಮ್ಮೆ ಶವಪೆಟ್ಟಿಗೆ. ನೋಡಿದವರಿಗೆ ಒಮ್ಮೆ ಹಸಿವು, ಒಮ್ಮೆ ದುಃಖ ಕಂಡಿತಂತೆ. ಮೇಡಂ ಅದನ್ನು ಹೇಳಿ ಬಿಡಲಿಲ್ಲ. ನಮ್ಮ ಸಹಪಾಠಿಯೊಬ್ಬ ಲೈಟು ಸರಿಪಡಿಸುವುದನ್ನು ಕಾಯುತ್ತ ಕೂತಿದ್ದಾಗ ಕ್ಯಾಮೆರಾ ಓಡಿದ್ದ ತುಂಡನ್ನು ಎತ್ತಿಕೊಂಡು, ಅದರ ಮುಂದೆ ಖಾಲಿ ತೊಟ್ಟಿಲು ಹಾಕಿದರು, ಆಮೇಲೆ ಫಲಿತಾಂಶದ ಬೋರ್ಡು. ಎರಡೂ ಸಲ ನಾವು ಬೇರೆ ಬೇರೆ ಮನುಷ್ಯರನ್ನು ಕಂಡೆವು. ಹೆಚ್ಚು ಬೆರಗಾದವನು ಅವನೇ. "ನಾನು ಏನೂ ಯೋಚಿಸ್ತಿರಲಿಲ್ಲ ಮೇಡಂ" ಅಂದ. "ಯೋಚಿಸಿದ್ದು ಇವರು" ಎಂದು ಅವರು ನಮ್ಮ ಕಡೆ ಕೈ ತೋರಿಸಿದರು.

ಕಾಲೇಜು ಮುಗಿದ ಮೇಲೆ ನಾಲ್ಕು ವರ್ಷ ಅಸಿಸ್ಟೆಂಟ್ ಆಗಿದ್ದೆ. ಈ ಕಸುಬಿಗೆ ಬರಬೇಕೆನ್ನುವವರು ಆ ವರ್ಷಗಳನ್ನು ಹಗುರವಾಗಿ ಎಣಿಸಬೇಡಿ. ದಿನದ ಶೂಟಿಂಗ್ ಬಂದ ಕೂಡಲೇ ಮೂರು ಪ್ರತಿ ಮಾಡುವುದು, ಒಂದನ್ನು ಬೇರೆ ಕಟ್ಟಡಕ್ಕೆ ಕಳಿಸುವುದು. ಪ್ರತಿ ಟೇಕಿಗೂ ಹೆಸರು ಕೊಡುವುದು. ಕ್ಲ್ಯಾಪಿನ ಎರಡು ಪಟ್ಟಿ ಕೂಡುವ ಫ್ರೇಮಿಗೂ 'ಟಪ್' ಎಂಬ ಸದ್ದಿಗೂ ಗಂಟು ಹಾಕಿ ಸಿಂಕ್ ಮಾಡುವುದು, ಅಂದರೆ ಚಿತ್ರವನ್ನೂ ಧ್ವನಿಯನ್ನೂ ಹೊಂದಿಸುವುದು. ಒಮ್ಮೆ ರಾತ್ರಿ ಕಣ್ಣೆಳೆಯುತ್ತಿದ್ದಾಗ ಒಂದು ಸಂದರ್ಶನವನ್ನು ಎರಡು ಫ್ರೇಮು ಆಚೀಚೆ ಕೂರಿಸಿದೆ. ಯಾರಿಗೂ ತಪ್ಪು ಕಾಣಲಿಲ್ಲ. ಆದರೆ ನೋಡಿದವರೆಲ್ಲ ಒಂದೇ ಮಾತು ಹೇಳಿದರು: ಈ ಮನುಷ್ಯ ಸುಳ್ಳು ಹೇಳುತ್ತಿದ್ದಾನೆ ಅನ್ನಿಸುತ್ತದೆ. ಸೆಕೆಂಡಿನ ಹನ್ನೆರಡನೇ ಒಂದು ಭಾಗ ಒಬ್ಬ ಪ್ರಾಮಾಣಿಕನ ಮಾತಿನ ಮೇಲಿನ ನಂಬಿಕೆ ಕೆಡಿಸಿತು. ಆ ತಪ್ಪು ಪೂರ್ತಿ ನನ್ನದು. ಅಂದಿನಿಂದ ಸಿಂಕ್ ಆದದ್ದನ್ನು ಬೆಳಿಗ್ಗೆ ಇನ್ನೊಮ್ಮೆ ನೋಡದೆ ಮುಂದಕ್ಕೆ ಕೊಟ್ಟಿಲ್ಲ.

ಫಿಲಂ ಕಾಲವೇ ಚಿನ್ನ ಎಂದು ನಾನು ಹೇಳುವುದಿಲ್ಲ. 1989ರಲ್ಲಿ ಕಂಪ್ಯೂಟರಿನಲ್ಲೇ ಎಡಿಟ್ ಮಾಡುವ ಆವಿಡ್ ಬಂದ ಮೇಲೆ ನಮ್ಮ ಕೆಲಸ ಬದಲಾದದ್ದು ಒಳ್ಳೆಯದಕ್ಕೇ. ಒಂದು ದೃಶ್ಯವನ್ನು ಹತ್ತು ಬಗೆಯಲ್ಲಿ ಕಟ್ಟಿ, ಹತ್ತನ್ನೂ ಇಟ್ಟುಕೊಳ್ಳಬಹುದು. ನಿಂತುಕೊಂಡೇ ಸಂಕಲನ ಮಾಡುವ ವಾಲ್ಟರ್ ಮರ್ಚ್ ಕಂಪ್ಯೂಟರಿನಲ್ಲಿ ಕಟ್ಟಿದ 'ದಿ ಇಂಗ್ಲಿಷ್ ಪೇಷೆಂಟ್' 1997ರಲ್ಲಿ ಸಂಕಲನದ ಆಸ್ಕರ್ ಪಡೆಯಿತು. ಡಿಜಿಟಲ್ ಆಗಿ ಎಡಿಟ್ ಆದ ಚಿತ್ರಕ್ಕೆ ಅದು ಮೊದಲ ಸಲ. ಅದೇ ಮರ್ಚ್ ಅದಕ್ಕೂ ಮುಂಚೆ, 'ಅಪೋಕ್ಯಾಲಿಪ್ಸ್ ನೌ' ಚಿತ್ರಕ್ಕೆ ಸಂಗಡಿಗರ ಜೊತೆ ಹನ್ನೆರಡೂವರೆ ಲಕ್ಷ ಅಡಿ ಫಿಲಂ ಜಾಲಾಡಿದ್ದರು. ಇಂದು ಮಾತನ್ನು ತಾನೇ ಅಕ್ಷರಕ್ಕಿಳಿಸುವ ಸಾಫ್ಟ್‌ವೇರ್ ನನ್ನ ಎಷ್ಟೋ ದಿನಗಳ ಕೆಲಸವನ್ನು ಒಂದು ಮಧ್ಯಾಹ್ನಕ್ಕೆ ಇಳಿಸಿದೆ. ಕಳೆದುಕೊಂಡದ್ದು ಒಂದೇ: ಬೇಕಾದ ತುಂಡಿಗಾಗಿ ಸುರುಳಿ ಹಿಂದಕ್ಕೆ ಸುತ್ತುವಾಗ, ಬೇಡವೆಂದುಕೊಂಡಿದ್ದ ಯಾವುದೋ ಚೂರು ಕಣ್ಣಿಗೆ ಬಿದ್ದು ಅದೇ ದೃಶ್ಯದ ಜೀವವಾಗುತ್ತಿತ್ತು. ಅದಕ್ಕಾಗಿ ನಾನು ಈಗಲೂ ವಾರಕ್ಕೊಮ್ಮೆ ಬಿಟ್ಟ ಶಾಟುಗಳನ್ನೆಲ್ಲ ಒಂದೇ ಪಟ್ಟಿಯಾಗಿ ಹಾಕಿ, ಏನನ್ನೂ ಹುಡುಕದೆ ನೋಡುತ್ತೇನೆ.

ಕೆಲವು ವರ್ಷಗಳ ಹಿಂದೆ ಕಿವಿ ಕೇಳದ ಒಬ್ಬ ಶಿಕ್ಷಕಿಯ ಕುರಿತ ಸಾಕ್ಷ್ಯಚಿತ್ರ ನನ್ನ ಕೈಗೆ ಬಂತು. ಅಲ್ಲಿ ನಾನು ಕಲಿತದ್ದರ ಬಹುಭಾಗ ಉಪಯೋಗಕ್ಕೆ ಬರಲಿಲ್ಲ. ಮಾತಾಡುವವರ ಸಂದರ್ಶನದಲ್ಲಿ ಧ್ವನಿಯನ್ನು ಓಡಲು ಬಿಟ್ಟು ಚಿತ್ರ ಬದಲಿಸಬಹುದು. ಮುಂದಿನ ದೃಶ್ಯದ ಸದ್ದನ್ನು ಮೊದಲೇ ತರಬಹುದು. ನಡುವಿನ ತೊದಲು ತೆಗೆದು, ಮೇಲೆ ಒಂದು ಗಡಿಯಾರವನ್ನೋ ಕಿಟಕಿಯನ್ನೋ ತೋರಿಸಿ ಗಾಯ ಮುಚ್ಚಬಹುದು. ಆಕೆ ಮಾತಾಡುವುದು ಕೈಯಲ್ಲಿ. ಕೈಯಿಂದ ಕ್ಯಾಮೆರಾ ಸರಿಸಿದರೆ ಮಾತೇ ನಿಂತಿತು. ಕಟ್ ಮರೆಮಾಡಲು ಎಲ್ಲಿಯೂ ಜಾಗವಿಲ್ಲ.

ನಾನು ಕೆಳಗೆ ಬರುವ ಅನುವಾದದ ಸಾಲು ಮುಗಿದ ಕಡೆ ಕಟ್ ಮಾಡುತ್ತ ಹೋದೆ. ಮೊದಲ ಪ್ರದರ್ಶನದಲ್ಲಿ ಸಂಜ್ಞಾಭಾಷೆ ಬಲ್ಲವರೊಬ್ಬರು ತಡೆದರು: ಆಕೆ ಪ್ರಶ್ನೆ ಕೇಳುತ್ತಿದ್ದಾರೆ, ನೀವು ಕೇಳಲು ಬಿಡುತ್ತಿಲ್ಲ. ನನಗೆ ಗೊತ್ತಿರಲಿಲ್ಲ. ಕೊನೆಯ ಸಂಜ್ಞೆಯನ್ನು ಆಕೆ ಕ್ಷಣ ಹೊತ್ತು ಹಾಗೇ ಹಿಡಿದು ನಿಲ್ಲಿಸುತ್ತಿದ್ದರು, ಹುಬ್ಬುಗಳ ಸಮೇತ. ಆ ನಿಲುಗಡೆಯಲ್ಲೇ ಪ್ರಶ್ನೆ ಇತ್ತು. ರಾತ್ರಿ ಎಡಿಟಿಂಗ್ ಕೋಣೆಗೆ ಹೋಗಿ ಒಂದೊಂದೇ ಕಟ್ ತೆರೆದೆ. ಹೆಚ್ಚಿನ ಕಡೆ ಮರಳಿ ಕೊಡಬೇಕಾದದ್ದು ಹತ್ತು, ಹನ್ನೆರಡು, ಹದಿನಾಲ್ಕು ಫ್ರೇಮು. ಬೆರಳುಗಳು ಬಿಡುವ ತನಕ. ನಾನು ಅಷ್ಟು ಹೊತ್ತಿನಲ್ಲಿ ಮೇಡಂಗೆ ಫೋನ್ ಮಾಡಿದೆ. ನಿವೃತ್ತರಾಗಿದ್ದರು. ಪೂರ್ತಿ ಕೇಳಿಸಿಕೊಂಡು, "ಎಷ್ಟು ಉದ್ದ?" ಅಂತ ಕೇಳಿದರು. ಒಂಬತ್ತು ಸೆಂಟಿಮೀಟರ್ ಮೇಡಂ ಅಂದೆ. ಇಬ್ಬರಿಗೂ ಮುಂದೆ ಮಾತು ಬೇಕಾಗಲಿಲ್ಲ.

ಕೆಲಸದ ಕಷ್ಟಗಳನ್ನೂ ಹೇಳಬೇಕು, ಇದನ್ನು ಓದುವವರಲ್ಲಿ ಕೆಲವರಾದರೂ ಇದೇ ದಾರಿಗೆ ಬರುತ್ತೀರಿ. ಬೆನ್ನು, ಕಣ್ಣು ಎರಡೂ ಬೇಗ ಸೋಲುತ್ತವೆ. 'ಪಿಕ್ಚರ್ ಲಾಕ್' ಆಯಿತು, ಇನ್ನು ಮುಟ್ಟುವುದಿಲ್ಲ ಎಂದವರು ಮೂರು ವಾರ ಬಿಟ್ಟು ಬರುತ್ತಾರೆ. ಆಗ ಧ್ವನಿ, ಬಣ್ಣ ಮಾಡುತ್ತಿರುವವರ ಕೆಲಸವೂ ಮೊದಲಿನಿಂದ. ಎಷ್ಟು ಸಲ ತಿದ್ದುಪಡಿ ಎಂಬುದನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ, ಮುಂಗಡ ಪಡೆಯದೆ ಡಿಸ್ಕ್ ತೆರೆಯಬೇಡಿ. ಒಂದು ಚಿತ್ರದಲ್ಲಿ ಎಂಟು ತಿಂಗಳು ದುಡಿದ ಮೇಲೆ ಟೈಟಲ್ಲಿನಲ್ಲಿ ನನ್ನ ಹೆಸರೇ ಇರಲಿಲ್ಲ. ಇಂದಿಗೂ ನೋವಿದೆ. ಹೆಸರು ಹಾಕುವುದನ್ನೂ ಬರೆಸಿಕೊಳ್ಳಿ.

ಕಾಲೇಜಿನ ಈ ಸಂಚಿಕೆಗೆ ಬರೆಯಲು ಕೇಳಿದಾಗ ನಾನು ಮೊದಲು ವಿಚಾರಿಸಿದ್ದು ಆ ಕೋಣೆಯನ್ನು. ಸ್ಟೀನ್‌ಬೆಕ್ ಇನ್ನೂ ಅಲ್ಲೇ ಇದೆ, ಮೇಲೆ ಹಳೆಯ ಉತ್ತರಪತ್ರಿಕೆಗಳ ಕಟ್ಟು ಪೇರಿಸಿದ್ದಾರೆ ಅಂದರು. ದಯವಿಟ್ಟು ಅದನ್ನು ಗುಜರಿಗೆ ಹಾಕಬೇಡಿ. ಬೆಲ್ಟು ಹೋಗಿರುತ್ತದೆ, ಪ್ರಿಸಂಗೆ ಧೂಳು ಕೂತಿರುತ್ತದೆ, ಬಲ್ಬು ಸುಟ್ಟಿರಬಹುದು. ನನಗೆ ಎರಡು ದಿನ ಕೋಣೆಯ ಬೀಗದ ಕೈ ಕೊಟ್ಟರೆ ಸಾಕು, ಬಂದು ಸರಿಮಾಡಿಕೊಡುತ್ತೇನೆ. ಆ ತಾಯಿಯ ರಶಸ್ ಬೀರುವಿನ ಕೆಳಗಿನ ಅರೆಯಲ್ಲಿ ಹಳದಿ ಡಬ್ಬಿಯಲ್ಲಿತ್ತು. ಅದೂ ಇದ್ದರೆ ಎತ್ತಿಡಿ.